ಆರು ಹಳೆಯ ಸರ್ವರ್‌ಗಳನ್ನು ಒಂದಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಆಫೀಸಿನಲ್ಲಿ 6 ಸರ್ವರ್‌ಗಳಿವೆ: ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವುದು), ಫೈಲ್, ಟ್ಯಾಲಿ, ಎಸ್‌ಕ್ಯೂಎಲ್ (ಡೇಟಾಬೇಸ್), ಜೊತೆಗೆ ಎರಡು ಲಿನಕ್ಸ್. ಸಿಪಿಯು ಬಳಕೆ ಶೇ 10 ದಾಟುವುದಿಲ್ಲ. ಎಲ್ಲವನ್ನೂ ಒಂದೇ ಪ್ರಾಕ್ಸ್‌ಮಾಕ್ಸ್ (ಒಂದು ಯಂತ್ರದೊಳಗೆ ಹಲವು ವರ್ಚುವಲ್ ಸರ್ವರ್ ಓಡಿಸುವ ತಂತ್ರಾಂಶ) ಯಂತ್ರಕ್ಕೆ ಹಾಕಿದರೆ ಎಲ್ಲಿ ಎಡವಬಹುದು?

ಉತ್ತರ 1: ಸಿಪಿಯು ನೋಡಿ ಅಳೆಯಬೇಡಿ. ಮೊದಲು ಕೈಕೊಡುವುದು ರ‍್ಯಾಮ್ ಮತ್ತು ಡಿಸ್ಕ್. ತಿಂಗಳ ಕೊನೆಯ ಲೆಕ್ಕದ ದಿನಗಳೂ ಸೇರುವಂತೆ 30 ದಿನ ಅಳೆಯಿರಿ. ಆರರ ಗರಿಷ್ಠ ರ‍್ಯಾಮ್ ಕೂಡಿಸಿ, ಮೇಲೆ ಶೇ 25 ಇಡಿ. ಡಿಸ್ಕಿಗೆ 4 ಎಂಟರ್‌ಪ್ರೈಸ್ ಎಸ್‌ಎಸ್‌ಡಿ, ರೇಡ್ 10 ಜೋಡಣೆಯಲ್ಲಿ (ಪ್ರತಿ ಡೇಟಾವೂ ಎರಡು ಡಿಸ್ಕ್‌ಗಳಲ್ಲಿ ಇರುತ್ತದೆ). ಉಳಿತಾಯ: ಸರಾಸರಿ 200 ವಾಟ್ ಎಳೆಯುವ ಒಂದು ಸರ್ವರ್ ವರ್ಷಕ್ಕೆ 1,752 ಯೂನಿಟ್ ನುಂಗುತ್ತದೆ, ಎಸಿ ಖರ್ಚು ಬೇರೆ.

ಉತ್ತರ 2: ಲೈಸೆನ್ಸ್ ಲೆಕ್ಕ ಮೊದಲು ಹಾಕಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ಗೆ ಯಂತ್ರದ ಎಲ್ಲ ಕೋರ್‌ಗಳಿಗೂ, ಕನಿಷ್ಠ 16ಕ್ಕೆ, ಲೈಸೆನ್ಸ್ ಬೇಕು. ಅದಕ್ಕೆ ಸಿಗುವುದು 2 ವಿಎಂ (ವರ್ಚುವಲ್ ಯಂತ್ರ). ನಿಮ್ಮ 4 ವಿಂಡೋಸ್‌ಗೆ ಅದನ್ನೇ ಎರಡು ಸಲ ಕೊಳ್ಳಬೇಕು. ಹಾಗಾಗಿ 32 ಕೋರ್ ಆಸೆ ಬೇಡ, 16 ಸಾಕು. ಟ್ಯಾಲಿ ಲೈಸೆನ್ಸನ್ನು ಹಳೆಯ ಯಂತ್ರದಲ್ಲಿ ಸರೆಂಡರ್ ಮಾಡಿಯೇ (ಬಿಟ್ಟುಕೊಟ್ಟೇ) ಹೊರಡಿ.

ಉತ್ತರ 3: ಡೊಮೇನ್ ಕಂಟ್ರೋಲರ್‌ನ ಡಿಸ್ಕ್ ನಕಲು ಮಾಡಲೇಬೇಡಿ. ಹೊಸ ವಿಎಂ ಪ್ರಮೋಟ್ ಮಾಡಿ (ಡೊಮೇನ್ ಕಂಟ್ರೋಲರ್ ಆಗಿಸಿ), ಎಫ್‌ಎಸ್‌ಎಂಒ ಪಾತ್ರಗಳನ್ನು (ಡೊಮೇನ್‌ನ ಮುಖ್ಯ ಹೊಣೆಗಳನ್ನು) ವರ್ಗಾಯಿಸಿ, ಆಮೇಲೆ ಹಳೆಯದನ್ನು ಡಿಮೋಟ್ ಮಾಡಿ (ಆ ಸ್ಥಾನದಿಂದ ಇಳಿಸಿ). ಉಳಿದ ವಿಂಡೋಸ್‌ಗಳನ್ನು ಮೊದಲು ಸಾಟಾ ಡಿಸ್ಕಾಗಿ ಬೂಟ್ ಮಾಡಿ, ಚಿಕ್ಕದೊಂದು ವರ್ಟ್‌ಐಒ (ವಿಎಂಗಳಿಗೆಂದೇ ಇರುವ ವೇಗದ ಡಿಸ್ಕ್ ಸಂಪರ್ಕ) ಡಿಸ್ಕ್ ಸೇರಿಸಿ ಡ್ರೈವರ್ ಹಾಕಿ, ನಂತರ ಮುಖ್ಯ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸಿ. ನೇರವಾಗಿ ಬದಲಿಸಿದರೆ ನೀಲಿ ಪರದೆ ಬರುತ್ತದೆ. ಆರರಲ್ಲಿ ಗಟ್ಟಿಯಾದ ಒಂದನ್ನು ಬ್ಯಾಕಪ್‌ಗೆ ಉಳಿಸಿಕೊಳ್ಳಿ.