ದಣಿದ ಹೆಜ್ಜೆ

ಅಕ್ಕ: ಟೋಲ್ಕಿನ್ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಹಾಡು-ವಾಚನದ ರೆಕಾರ್ಡಿಂಗ್ ಹಾಕಿದ್ದೀನಿ, ಎಲ್ಲರೂ ಕೇಳಿ. ನಡುವೆ ಓದೋ ಭಾಗ ತುಂಬಾ ಉದ್ದ ಇತ್ತು, ಕತ್ತರಿಸಿದ್ದೀನಿ. ಬರೀ ಹಾಡುಗಳಿವೆ.

ನಾನು: ಯಾಕೆ ತೆಗೆದೆ ಅಕ್ಕ? ಅದಿಲ್ಲದೆ ಆ ಹಾಡುಗಳಿಗೆ ನೆಲೆಯೇ ಇಲ್ಲ.

ಅಕ್ಕ: ಓದುವವರ ನಟನೆ ಜಾಸ್ತಿಯಾಯ್ತು ಕಣೋ. ಹಾಡು ಚೆನ್ನಾಗಿದ್ರೆ ತಾನಾಗೇ ನಿಲ್ಲುತ್ತೆ.

ದೊಡ್ಡಪ್ಪ: ನನ್ನ ಕೇಳಿದ್ರೆ ಎರಡೂ ಬೇಡ. ಆ ಪುಸ್ತಕ ನಾಲ್ಕು ಸಲ ಓದಿದೀನಿ. ಪ್ರತಿ ಹಾಡಿಗೂ ನನ್ನ ತಲೆಯಲ್ಲೊಂದು ಧಾಟಿ ಇದೆ. ಈಗ ಯಾರದೋ ಪಿಯಾನೋ ಅದರ ಮೇಲೆ ಕೂತುಬಿಡ್ತು. ಎರಡನೇ ಹಾಡಿಗೇ ನಿಲ್ಲಿಸಿದೆ.

ನಾನು: ಬರೆದ ಟೋಲ್ಕಿನ್ ಅವರೇ ಹಾಡಿದ್ದುಂಟು ದೊಡ್ಡಪ್ಪ. 1952ರಲ್ಲಿ, ಪುಸ್ತಕ ಪ್ರಕಟಿಸೋರು ಸಿಗದೆ ಸೋತು ಕೂತಿದ್ದಾಗ, ಗೆಳೆಯ ಜಾರ್ಜ್ ಸೇಯರ್ ಮನೆಯ ಟೇಪ್ ರೆಕಾರ್ಡರ್ ಮುಂದೆ ಓದಿದ್ರು. ಕಥೆಯಲ್ಲಿ ಸ್ಯಾಮ್ ಹೇಳೋ, ಟ್ರೋಲ್ ಅನ್ನೋ ದೈತ್ಯನ ಹಾಡನ್ನ ಹಳೇ ಜನಪದ ಧಾಟಿಯಲ್ಲಿ ಹಾಡಿದ್ರು. ಆ ಧ್ವನಿ ಇವತ್ತಿಗೂ ಇದೆ.

ದೊಡ್ಡಪ್ಪ: ಬರೆದವರು ಹಾಡೋದು ಬೇರೆ, ಇನ್ನೊಬ್ಬರು ರಾಗ ಹಾಕೋದು ಬೇರೆ.

ನಾನು: ಅದಕ್ಕೂ ಒಪ್ಪಿದ್ರು. ಸಂಗೀತಗಾರ ಡೊನಾಲ್ಡ್ ಸ್ವಾನ್ ರಾಗ ಹಾಕಿ ಕೇಳಿಸಿದಾಗ ಹೆಚ್ಚಿನವನ್ನ ಮೆಚ್ಚಿದ್ರು. ಕಥೆಯ ಎಲ್ಫ್ ಅನ್ನೋ ಜನರ ಭಾಷೆಯ ಹಾಡು ‘ನಮಾರಿಯೆ’ ಮಾತ್ರ ಹೀಗಲ್ಲ ಅಂತ, ಚರ್ಚಿನ ಹಳೇ ಗ್ರೆಗೋರಿಯನ್ ಪಠಣದ ಧಾಟಿಯಲ್ಲಿ ತಾವೇ ಗುನುಗಿ ತೋರಿಸಿದ್ರು. ಸ್ವಾನ್ ಅದನ್ನೇ ಇಟ್ಟುಕೊಂಡರು. 1967ರಲ್ಲಿ ಸ್ವರಲಿಪಿ ಪುಸ್ತಕವಾಗಿ ಬಂತು.

ಅತ್ತೆ: ನಾನು ಕಥೆ ಓದಿಲ್ಲಪ್ಪ. ದನಿ ಇಂಪಾಗಿದೆ, ಆದ್ರೆ ಯಾರು ಯಾರಿಗೆ ಯಾಕೆ ಹಾಡ್ತಿದ್ದಾರೆ ಒಂದೂ ತಿಳೀಲಿಲ್ಲ. ಒಂದೇ ಹಾಡನ್ನ ಎರಡು ಸಲ ಯಾಕೆ ಹಾಕಿದ್ದೀಯ ಪುಟ್ಟಿ?

ನಾನು: ಅದು ಎರಡು ಸಲ ಹಾಕಿದ್ದಲ್ಲ ಅತ್ತೆ. ಮೊದಲು ಹಾಡೋದು ಬಿಲ್ಬೋ, ಕಥೆಯ ಆ ಕೇಡಿನ ಉಂಗುರ ಬಿಟ್ಟುಕೊಟ್ಟು ಹಗುರಾಗಿ ಮನೆಯಿಂದ ಹೊರಟಾಗ. ಆಮೇಲೆ ಅವನ ವಾರಸುದಾರ ಫ್ರೋಡೋ, ಅದೇ ಉಂಗುರ ಹೊತ್ತುಕೊಂಡು. ಪದ್ಯ ಅದೇ, ಒಂದೇ ಪದ ಬೇರೆ. ಬಿಲ್ಬೋನದು ಹುರುಪಿನ ಹೆಜ್ಜೆ, ಫ್ರೋಡೋನದು ದಣಿದ ಹೆಜ್ಜೆ. ನಡುವೆ 17 ವರ್ಷ. ಆ 17 ವರ್ಷ ಇದ್ದದ್ದು ಓದಿದ ಭಾಗದಲ್ಲಿ. ಅಕ್ಕ ಕತ್ತರಿಸಿದ್ದು ಅದನ್ನೇ, ನನಗೆ ಸಂಕಟವಾಗೋದೂ ಅದಕ್ಕೇ.

ಅಕ್ಕ: ಪದ ಬದಲಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ದೊಡ್ಡಪ್ಪ: ನನಗೆ ಗೊತ್ತಿತ್ತು. ಎರಡನೇ ಓದಿನಲ್ಲಿ ಹಿಂದಿನ ಪುಟ ತಿರುಗಿಸಿದಾಗ ಸಿಕ್ಕಿದ್ದು. ನಿಮ್ಮತ್ತೆಗೆ ಆ ಸುಖ ನೀನೀಗ ತಪ್ಪಿಸಿದೆ.

ಅತ್ತೆ: ಸಾವಿರ ಪುಟ ನಾನು ಓದೋದು ಯಾವಾಗ ಅಣ್ಣ? ಕಿವಿಗೆ ಬಿದ್ರೆ ಸಾಕು.

ನಾನು: ಕೇಳುವಾಗ ಪುಟ ತಿರುಗಿಸೋಕಾಗಲ್ಲ ದೊಡ್ಡಪ್ಪ, ಆ ಕೆಲಸ ರಾಗ ಮಾಡುತ್ತೆ. ಅದೇ ರಾಗ ಮತ್ತೆ ಬಂದಾಗ ಕಿವಿ ಹಳೇ ಪದಕ್ಕೇ ಕಾಯ್ತಿರುತ್ತೆ, ಆ ಜಾಗದಲ್ಲಿ ‘ದಣಿದ’ ಬರುತ್ತೆ. ಗಾಯಕರು ಅಲ್ಲಿ ಚೂರು ತಡೆದು ಹಾಡಿದ್ದಾರೆ. ನನಗೆ ಎದೆ ಹಿಂಡಿದ ಹಾಗಾಯ್ತು.

ದೊಡ್ಡಪ್ಪ: ಹ್ಞೂಂ. ಆದ್ರೂ ಟ್ರೀಬಿಯರ್ಡ್ ಹಾಡು ನಾನು ಕೇಳಲ್ಲ. ಆ ಮರದಜ್ಜನ ನಿಧಾನ ನನ್ನ ಓದಿನಲ್ಲೇ ಇರಲಿ.

ನಾನು: ಡೆನ್ಮಾರ್ಕಿನ ಸಂಗೀತ ತಂಡ ಟೋಲ್ಕಿನ್ ಎನ್‌ಸೆಂಬಲ್ ಮಾಡಿದ್ದರಲ್ಲಿ ಟ್ರೀಬಿಯರ್ಡ್‌ಗೆ ನಟ ಕ್ರಿಸ್ಟೋಫರ್ ಲೀ ದನಿ ಕೊಟ್ಟಿದ್ದಾರೆ. ಅದನ್ನಾದ್ರೂ ಕೇಳಿ.

ದೊಡ್ಡಪ್ಪ: ಬೇಡ ಅಂದ್ನಲ್ಲ.

ಅಕ್ಕ: ಪೂರ್ತಿ ಫೈಲ್ ಈಗ ಹಾಕಿದೆ. ಕತ್ತರಿಸಿದ್ದನ್ನ ಅಳಿಸಿದ್ದೀನಿ.

ಅತ್ತೆ: ಆ ಎರಡನೇ ಸಲದ್ದು ಎಷ್ಟನೇ ನಿಮಿಷಕ್ಕೆ ಬರುತ್ತೆ?

ನಾನು: ಮೊದಲಿಂದಲೇ ಕೇಳಿ ಅತ್ತೆ.