ಬೆಂಗಳೂರಿನಲ್ಲಿ ಫುಟ್‌ಬಾಲ್‌ಗೆಂದೇ ಒಂದು ಕ್ರೀಡಾಂಗಣ ಕಟ್ಟುವುದಾದರೆ ಅದು ಎಲ್ಲಿರಬೇಕು?

ಪಶ್ಚಿಮ ಗ್ಯಾಲರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಎಫ್‌ಸಿ ತಂಡ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನು ಬಿಟ್ಟು ಕಂಠೀರವಕ್ಕೆ ಬಂದ 2014ರಿಂದ ನಾನು ಅಲ್ಲಿನ ಪಶ್ಚಿಮ ಗ್ಯಾಲರಿಯ ಕಾಯಂ ಪ್ರೇಕ್ಷಕ. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ ನಮ್ಮ ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ರಾತ್ರಿಯೂ, 2023ರ ಜುಲೈನಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಚಾಂಪಿಯನ್ ಆದ ರಾತ್ರಿಯೂ ನಾನು ಅಲ್ಲಿದ್ದೆ. ಆ ಜಾಗದ ಮೇಲಿನ ಪ್ರೀತಿಯಿಂದಲೇ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ.

ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಅಥ್ಲೆಟಿಕ್ಸ್ ಕ್ರೀಡಾಂಗಣ. ಎಂಟು ಲೇನ್‌ಗಳ 400 ಮೀಟರ್ ಟ್ರ್ಯಾಕಿನ ನಡುವೆ ಫುಟ್‌ಬಾಲ್ ಅಂಗಣವನ್ನು ಇಟ್ಟರೆ ಏನಾಗುತ್ತದೆ ಎಂಬುದನ್ನು ಪ್ರಮಾಣಿತ ಅಳತೆಗಳಿಂದ ಲೆಕ್ಕ ಹಾಕಿ ನೋಡಿದೆ. ಅಂಗಣದ ಉದ್ದ 105 ಮೀಟರ್. ಟ್ರ್ಯಾಕಿನ ಒಳಗಿನ ಉದ್ದ 157 ಮೀಟರಿಗೂ ಸ್ವಲ್ಪ ಹೆಚ್ಚು. ಪ್ರತಿ ಲೇನ್ 1.22 ಮೀಟರ್ ಅಗಲ. ಹೀಗಾಗಿ ಗೋಲ್‌ಲೈನಿನಿಂದ ಟ್ರ್ಯಾಕಿನ ಹೊರ ಅಂಚಿಗೇ ಸುಮಾರು 36 ಮೀಟರ್ ಆಗುತ್ತದೆ, ಮೊದಲ ಸಾಲಿನ ಕುರ್ಚಿ ಅದಕ್ಕೂ ಆಚೆ. ಒಮ್ಮೆ ಪಶ್ಚಿಮದ ಟಿಕೆಟ್ ಸಿಗದೆ ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಎದುರಿನ ಪೆನಾಲ್ಟಿ ಬಾಕ್ಸಿನಲ್ಲಿ ಗೋಲಾದಾಗ ಎಲ್ಲರೊಂದಿಗೆ ಎದ್ದು ಕೂಗಿದೆನಾದರೂ, ಹೊಡೆದದ್ದು ಯಾರೆಂದು ಪಕ್ಕದವರ ಮೊಬೈಲಿನಲ್ಲಿ ನೋಡಿಯೇ ತಿಳಿದುಕೊಳ್ಳಬೇಕಾಯಿತು.

ಇದೇ ಕಷ್ಟವನ್ನು ಅನುಭವಿಸಿದ ಬೇರೆ ಊರುಗಳಿವೆ. ಮ್ಯೂನಿಕ್‌ನ ಬಯರ್ನ್ ತಂಡ 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಟ್ರ್ಯಾಕ್ ಇರುವ ಕ್ರೀಡಾಂಗಣದಲ್ಲಿ ಮೂರು ದಶಕ ಆಡಿತು. 2001ರಲ್ಲಿ ಊರಿನವರ ಮತ ಕೇಳಿದಾಗ ಸುಮಾರು ಮೂರನೇ ಎರಡರಷ್ಟು ಜನ ಒಪ್ಪಿಗೆ ಕೊಟ್ಟರು, ನಗರದ ಉತ್ತರದ ಅಂಚಿನಲ್ಲಿ, ಮೆಟ್ರೊ ಮಾರ್ಗದ ಪಕ್ಕದಲ್ಲಿ ಹೊಸದನ್ನು ಕಟ್ಟಿ 2005ರಲ್ಲಿ ಅಲ್ಲಿಗೆ ಹೋದರು. ನಮ್ಮಲ್ಲಿಯೂ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ, ಹಸಿರು ಮಾರ್ಗ ಮಾದಾವರದವರೆಗೆ, ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತಲುಪಿದೆ. ಆನೇಕಲ್ ಕಡೆಯ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರಿಕೆಟ್ ಕ್ರೀಡಾಂಗಣದ ಯೋಜನೆಯನ್ನು ಸರ್ಕಾರ ಪ್ರಕಟಿಸಿರುವಾಗ, ಫುಟ್‌ಬಾಲ್‌ಗೂ ಮೆಟ್ರೊದ ಕೊನೆಯ ನಿಲ್ದಾಣವೊಂದರ ಬಳಿ 25 ಸಾವಿರ ಆಸನಗಳ ಕ್ರೀಡಾಂಗಣವನ್ನು ಏಕೆ ಕೇಳಬಾರದು ಎಂಬುದು ನನ್ನ ವಿಚಾರ. ಒಪ್ಪದವರು ಕಾರಣ ಸಹಿತ ಬರೆಯಬೇಕೆಂದು ಕೋರುತ್ತೇನೆ.

ಟ್ರ್ಯಾಕ್ ಪಕ್ಕದವರು

ಪಶ್ಚಿಮ ಗ್ಯಾಲರಿಯವರೇ, ನಾನು ಇಪ್ಪತ್ತು ವರ್ಷಗಳಿಂದ ಓಟಗಾರರಿಗೆ ತರಬೇತಿ ಕೊಡುತ್ತಿರುವವನು. ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ಆ 36 ಮೀಟರನ್ನು ನೀವು ಖಾಲಿ ಜಾಗ ಎಂಬಂತೆ ಬರೆದಿದ್ದೀರಿ, ನಮಗೆ ಅದೇ ಅಂಗಣ.

ಬೆಳಿಗ್ಗೆ ಐದೂವರೆಗೆ, ದೀಪವಿನ್ನೂ ಆರಿರದ ಹೊತ್ತಿನಲ್ಲಿ, ಎರಡು ಬಸ್ಸು ಬದಲಿಸಿ ಬಂದ ಹದಿನಾರರ ಹುಡುಗಿಯೊಬ್ಬಳು ಸ್ಪೈಕ್ಸ್ ಕಟ್ಟಿಕೊಂಡು ಸ್ಟಾರ್ಟಿಂಗ್ ಬ್ಲಾಕನ್ನು ಕಾಲಿನಿಂದ ಒತ್ತಿ ನೋಡಿ ಸರಿಪಡಿಸಿಕೊಳ್ಳುತ್ತಾಳೆ. ಅವಳಿಗೆ ಬೇಕಾಗಿರುವುದು ತಗ್ಗುದಿಣ್ಣೆಯಿಲ್ಲದ ಒಂದೇ ಒಂದು ಲೇನು. ಪಂದ್ಯದ ಹಿಂದಿನ ದಿನದಿಂದಲೇ ಟ್ರ್ಯಾಕಿನ ಮೇಲೆ ಜಾಹೀರಾತು ಫಲಕಗಳು, ಟಿ.ವಿ. ಕೇಬಲ್‌ಗಳು, ಕುರ್ಚಿಗಳು ಬಂದು ಕೂರುತ್ತವೆ. ನಮ್ಮ ಮಕ್ಕಳು ಆ ದಿನಗಳಲ್ಲಿ ಕಬ್ಬನ್ ಉದ್ಯಾನದ ರಸ್ತೆಯಲ್ಲಿ ಓಡಿದ್ದಾರೆ, ಡಾಂಬರಿನ ಮೇಲೆ ಓಡಿ ಮೊಣಕಾಲಿನ ಕೆಳಗೆ ನೋವು ಹತ್ತಿಸಿಕೊಂಡಿದ್ದಾರೆ. ಇತ್ತ ನಾವು ಹ್ಯಾಮರ್ (ತಂತಿಯ ತುದಿಯ ಲೋಹದ ಗುಂಡು) ಎಸೆದರೆ ನಿಮ್ಮ ಹುಲ್ಲಿನಲ್ಲಿ ಗುಂಡಿ ಬೀಳುತ್ತದೆ ಎಂದು ಫುಟ್‌ಬಾಲಿನವರು ಬೇಸರಪಡುವುದೂ ನ್ಯಾಯವೇ. ಈ ಜಗಳ ಹೈಕೋರ್ಟಿನವರೆಗೆ ಹೋದದ್ದು ಎಲ್ಲರಿಗೂ ತಿಳಿದಿದೆ. ಯಾರ ಮೇಲೂ ದೂರು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹ್ಯಾಮರನ್ನೂ ಕಾರ್ನರ್ ಕಿಕ್ಕನ್ನೂ ಒಂದೇ ಹುಲ್ಲಿನ ಮೇಲೆ ಇಟ್ಟಿರುವವರೆಗೆ ಇಬ್ಬರಿಗೂ ನೆಮ್ಮದಿಯಿಲ್ಲ ಎನ್ನುವುದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಟ್ರ್ಯಾಕನ್ನೇ ಕಿತ್ತು ಊರಾಚೆ ಹಾಕಿ, ಕಂಠೀರವವನ್ನು ಫುಟ್‌ಬಾಲಿಗೆ ಬಿಟ್ಟುಕೊಡಿ ಎಂಬ ಮಾತನ್ನು ಕೆಲವರು ಆಡುತ್ತಾರೆ. ನೀವು ಆ ಮಾತನ್ನು ಎತ್ತಲಿಲ್ಲ, ಅದಕ್ಕೆ ನಾನು ಕೃತಜ್ಞ. ಫುಟ್‌ಬಾಲ್ ಪ್ರೇಕ್ಷಕ ಊರಾಚೆಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ, ಓಟಗಾರ ಹೋಗಬೇಕಾದುದು ದಿನಕ್ಕೆ ಎರಡು ಸಲ. ಶಾಲೆಗೆ ಮೊದಲೊಮ್ಮೆ, ಶಾಲೆ ಬಿಟ್ಟ ಮೇಲೊಮ್ಮೆ ಮಕ್ಕಳು ತಲುಪಬಹುದಾದ ಟ್ರ್ಯಾಕ್ ನಗರದ ನಡುವೆಯೇ ಇರಬೇಕು. ಹೊಸ ಕ್ರೀಡಾಂಗಣ ಎಲ್ಲಿಯಾದರೂ ಬರಲಿ, ಬೇಗ ಬರಲಿ.

ಕೆರೆಯಂಗಳ

ಕಟ್ಟಡ ಮತ್ತು ಸಾರಿಗೆ ಯೋಜನೆಯ ಕೆಲಸ ಮಾಡುವವನಾಗಿ ಮೂಲ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಮೆಟ್ರೊದ ಕೊನೆಯ ನಿಲ್ದಾಣ ನಕ್ಷೆಯಲ್ಲಿ ಚೆಂದ ಕಾಣುತ್ತದೆ. ಆದರೆ ಕ್ರೀಡಾಂಗಣದ ಜಾಗವನ್ನು ಜನ ಹೇಗೆ ಬರುತ್ತಾರೆ ಎಂಬುದಕ್ಕಿಂತ ಹೇಗೆ ಹೊರಡುತ್ತಾರೆ ಎಂಬುದರ ಮೇಲೆ ನಿರ್ಧರಿಸಬೇಕು. ಬರುವಾಗ ಎರಡು ಮೂರು ಗಂಟೆಗಳ ಅವಧಿಯಲ್ಲಿ ಹಂಚಿಕೊಂಡು ಬರುವ ಜನ, ಕೊನೆಯ ವಿಷಲ್ ಆದ ಹತ್ತು ನಿಮಿಷದಲ್ಲಿ ಒಟ್ಟಿಗೆ ಹೊರಬೀಳುತ್ತಾರೆ.

ರಾತ್ರಿ ಏಳೂವರೆಗೆ ಆರಂಭವಾದ ಪಂದ್ಯ ಒಂಬತ್ತೂವರೆಗೆ ಮುಗಿಯಿತೆನ್ನಿ. ಆರು ಬೋಗಿಯ ರೈಲಿನಲ್ಲಿ ಇಕ್ಕಟ್ಟಾಗಿ ಒಂದೂವರೆ ಸಾವಿರ ಜನ ಹಿಡಿಯುತ್ತಾರೆಂದು ಇಟ್ಟುಕೊಂಡರೆ, ಹದಿನೈದು ಸಾವಿರ ಜನರನ್ನು ಸಾಗಿಸಲು ಹತ್ತು ರೈಲು ಬೇಕು. ಕೊನೆಯ ನಿಲ್ದಾಣದಿಂದ ರೈಲು ಒಂದೇ ದಿಕ್ಕಿಗೆ ಹೊರಡುತ್ತದೆ. ಹತ್ತು ನಿಮಿಷಕ್ಕೊಂದರಂತೆ ಬಿಟ್ಟರೆ ಕೊನೆಯ ಪ್ರೇಕ್ಷಕ ಹೊರಡುವಾಗ ಹನ್ನೊಂದು ದಾಟಿರುತ್ತದೆ. ಐದು ನಿಮಿಷಕ್ಕೊಂದು ಬಿಟ್ಟರೂ ಮುಕ್ಕಾಲು ಗಂಟೆ ಪ್ಲಾಟ್‌ಫಾರಂ ತುಂಬಿಯೇ ಇರುತ್ತದೆ. ಮ್ಯೂನಿಕ್‌ನವರು ಸುಮ್ಮನೆ ಮೆಟ್ರೊ ಪಕ್ಕದಲ್ಲಿ ಕಟ್ಟಿ ಬಿಡಲಿಲ್ಲ, ಆ ನಿಲ್ದಾಣವನ್ನೇ ಹಿಗ್ಗಿಸಿದರು. ಕಂಠೀರವದಿಂದ ಹೊರಬಂದವರು ನಾಲ್ಕು ದಿಕ್ಕಿಗೆ ಚದುರುತ್ತಾರೆ: ಕೆಲವರು ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ, ಕೆಲವರು ಕಾರ್ಪೊರೇಷನ್ ವೃತ್ತದ ಬಸ್ಸಿಗೆ, ಕೆಲವರು ನಡೆದು ಶಾಂತಿನಗರದ ಕಡೆಗೆ. ಹೀಗೆ ಚದುರುವುದೇ ನಗರದ ನಡುವಿನ ಕ್ರೀಡಾಂಗಣಕ್ಕಿರುವ ದೊಡ್ಡ ರಕ್ಷಣೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತ ಮೇಲೆ, ಗೇಟಿನ ಹೊರಗಿನ ಫುಟ್‌ಪಾತನ್ನೂ ಕ್ರೀಡಾಂಗಣದ ಭಾಗವೆಂದೇ ಎಣಿಸಿ ವಿನ್ಯಾಸ ಮಾಡಬೇಕಾದ ಹೊಣೆ ನಮ್ಮೆಲ್ಲರ ಮೇಲಿದೆ.

ಇನ್ನೊಂದು ಮಾತನ್ನು ನಾನು ಹೇಳಲೇಬೇಕು. ಈ ನಗರ ಆಟಕ್ಕೆ ಜಾಗ ಬೇಕೆನಿಸಿದಾಗಲೆಲ್ಲ ಕೆರೆಯನ್ನು ಮುಚ್ಚಿದೆ. ಕಂಠೀರವ ನಿಂತಿರುವುದು ಸಂಪಂಗಿ ಕೆರೆಯ ಮೇಲೆ, ಕರಗದ ವಿಧಿಗಳಿಗೆಂದು ಉಳಿದಿರುವ ಸಣ್ಣ ಕೊಳವೊಂದೇ ಅದರ ಗುರುತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಮೇಲಿದೆ, ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲಿದೆ. ಹೊರವಲಯದಲ್ಲಿ ಇಪ್ಪತ್ತೈದು ಎಕರೆ ಹುಡುಕಲು ಹೊರಟರೆ ಸುಲಭವಾಗಿ ಸಿಗುವುದು ಮತ್ತೆ ಕೆರೆಯಂಚು, ಗೋಮಾಳ, ಇಲ್ಲವೇ ರೈತರ ಹೊಲವೇ.

ಹಾಗಾಗಿ ನನ್ನ ಸಲಹೆ ಅಶೋಕನಗರ. ಅಲ್ಲಿ ಈಗಾಗಲೇ ಫುಟ್‌ಬಾಲಿಗೆಂದೇ ಇರುವ, ಟ್ರ್ಯಾಕ್ ಇಲ್ಲದ ಅಂಗಣವಿದೆ. ಬೆಂಗಳೂರು ಎಫ್‌ಸಿ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ತನ್ನ ಮೊದಲ ಪ್ರಶಸ್ತಿಯನ್ನು 2013-14ರಲ್ಲಿ ಗೆದ್ದಾಗ ಅದೇ ಅದರ ತವರು. ಎಂ.ಜಿ. ರಸ್ತೆ ನಿಲ್ದಾಣದಿಂದ ನಡೆದು ಹೋಗಬಹುದು. ಜಾಗ ಚಿಕ್ಕದು, ನಿಜ, 25 ಸಾವಿರ ಆಸನ ಅಲ್ಲಿ ಹಿಡಿಸದು. ಆದರೆ ಲಂಡನ್ನಿನ ಬ್ರೆಂಟ್‌ಫರ್ಡ್ ತಂಡ ಸುತ್ತ ರೈಲು ಹಳಿಗಳಿರುವ ತ್ರಿಕೋನಾಕಾರದ ನಿವೇಶನದಲ್ಲಿ 17,250 ಆಸನಗಳ ಕ್ರೀಡಾಂಗಣ ಕಟ್ಟಿ 2020ರಿಂದ ಅಲ್ಲಿ ಆಡುತ್ತಿದೆ. ಟ್ಯೂರಿನ್‌ನ ಯುವೆಂಟಸ್ ಟ್ರ್ಯಾಕ್ ಇದ್ದ ದೊಡ್ಡ ಕ್ರೀಡಾಂಗಣವನ್ನು ಕೆಡವಿ, ಅದೇ ಜಾಗದಲ್ಲಿ ಸುಮಾರು 41 ಸಾವಿರ ಆಸನಗಳ ಚಿಕ್ಕದನ್ನು 2011ರಲ್ಲಿ ಕಟ್ಟಿಕೊಂಡಿತು. ಅರ್ಧ ಖಾಲಿಯಿರುವ 25 ಸಾವಿರಕ್ಕಿಂತ ತುಂಬಿ ತುಳುಕುವ 15 ಸಾವಿರ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಲಸೂರಿನವ

ಕೆರೆಯಂಗಳದವರ ಮಾತು ಓದಿ ಮನಸ್ಸು ತುಂಬಿತು. ನಾನು ಗೌತಮಪುರದ ಸಮೀಪ ಬೆಳೆದವನು, ಅಲ್ಲಿ ಪೆಲೆಯ ಪ್ರತಿಮೆಯಿದೆ ಎಂದರೆ ಆ ಬೀದಿಗಳ ಪರಿಚಯ ನಿಮಗಾದೀತು. ನಮ್ಮ ತಂದೆ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದು, ನನ್ನ ಕೈ ಹಿಡಿದು ಅಶೋಕನಗರದವರೆಗೆ ನಡೆಸಿಕೊಂಡೇ ಹೋಗುತ್ತಿದ್ದರು. ಕಾಗದದ ಪೊಟ್ಟಣದಲ್ಲಿ ಕಡಲೆಕಾಯಿ, ಸಿಮೆಂಟಿನ ಮೆಟ್ಟಿಲು, ಮೆಟ್ಟಿಲಿನ ಬಿಸಿ ತಾಗದಿರಲೆಂದು ಕೆಳಗೆ ಹಾಸಿಕೊಟ್ಟ ಅವರ ಟವೆಲ್ಲು. ಆಟಗಾರರು ಒಬ್ಬರನ್ನೊಬ್ಬರು ಕೂಗುವುದು ತಮಿಳಿನಲ್ಲೋ ಕನ್ನಡದಲ್ಲೋ ಎಂದು ನಮಗೆ ಅಲ್ಲಿಂದಲೇ ಕೇಳಿಸುತ್ತಿತ್ತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲ್ ಹೊಡೆದ ರಾಮನ್ ಈ ಊರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಈ ಊರಿನವರೇ. ಅಂಥ ಆಟಗಾರರನ್ನು ಬೆಳೆಸಿದ್ದು ದಂಡು ಪ್ರದೇಶದ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ನಂಥ ಬಡಾವಣೆಗಳು. ಅಲ್ಲಿನ ಹುಡುಗ ಸಂಜೆ ನಡೆದು ಹೋಗಿ ಪಂದ್ಯ ನೋಡಬಲ್ಲ ಜಾಗದಲ್ಲಿಯೇ ಕ್ರೀಡಾಂಗಣ ಇರಬೇಕು.

ಆದರೆ ನನಗೊಂದು ಭಯವಿದೆ, ಅದನ್ನು ಯಾರೂ ಎತ್ತಲಿಲ್ಲ. ಅಶೋಕನಗರದ ಅಂಗಣ ಜಿಲ್ಲಾ ಲೀಗಿನ ಸಣ್ಣ ಕ್ಲಬ್‌ಗಳದ್ದೂ ಹೌದು. ಅಲ್ಲಿ ಕೃತಕ ಹುಲ್ಲು ಹಾಸಿದ್ದರಿಂದಲೇ ಒಂದೇ ದಿನ ಎರಡು ಮೂರು ಪಂದ್ಯ ನಡೆಸಲು ಸಾಧ್ಯವಾಯಿತು. ನಾಳೆ ವೃತ್ತಿಪರ ತಂಡಕ್ಕೆಂದು ನೈಸರ್ಗಿಕ ಹುಲ್ಲು ಬೆಳೆಸಿದರೆ, ಅದರ ಮೇಲೆ ವಾರಕ್ಕೆ ಒಂದೋ ಎರಡೋ ಪಂದ್ಯಕ್ಕಿಂತ ಹೆಚ್ಚು ಆಡಿಸಲಾಗದು. ಆಗ ನಮ್ಮ ಸಣ್ಣ ಕ್ಲಬ್‌ಗಳ ಹುಡುಗರು ಎಲ್ಲಿಗೆ ಹೋಗಬೇಕು? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ತಂದ ನಮ್ಮ ರಾಜ್ಯ ತಂಡ ಬೆಳೆದದ್ದು ಇಂಥ ಲೀಗುಗಳ ಆಸರೆಯಲ್ಲಿ. ಓಟಗಾರರಿಗೆ ಕಂಠೀರವದಲ್ಲಿ ಆದದ್ದು ಈ ಹುಡುಗರಿಗೆ ಅಶೋಕನಗರದಲ್ಲಿ ಆಗಬಾರದು.

ಪಶ್ಚಿಮ ಗ್ಯಾಲರಿ

ಮೂವರಿಗೂ ಕೈಮುಗಿದು ಹೇಳುತ್ತೇನೆ, ನಾನು ಪ್ರಶ್ನೆ ಕೇಳುವಾಗ ಇದ್ದ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ಕೊನೆಯ ರೈಲಿನ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ. ಮೈಸೂರು ರಸ್ತೆಯ ಕಡೆಯಿಂದ ಬರುವ ನನಗೆ ಚಲ್ಲಘಟ್ಟ ಹತ್ತಿರ, ಅದರಿಂದಲೇ ಎಲ್ಲರಿಗೂ ಹತ್ತಿರವೆಂದು ಭಾವಿಸಿದ್ದೆನೇನೋ.

ಹಲಸೂರಿನವರು ಹೇಳಿದ್ದನ್ನು ಮೊದಲ ಷರತ್ತಾಗಿ ಇಡೋಣ. ಲೀಗ್ ಕ್ಲಬ್‌ಗಳಿಗೆ ದಂಡು ಪ್ರದೇಶದಲ್ಲೇ ಫ್ಲಡ್‌ಲೈಟ್ ಇರುವ ಕೃತಕ ಹುಲ್ಲಿನ ಅಂಗಣವೊಂದು ಸಿದ್ಧವಾದ ಮೇಲೆಯೇ ಅಶೋಕನಗರದಲ್ಲಿ ಹಾರೆ ಬೀಳಬೇಕು, ಮತ್ತು ಲೀಗಿನ ನಿರ್ಣಾಯಕ ಪಂದ್ಯಗಳು ಹೊಸ ಕ್ರೀಡಾಂಗಣದಲ್ಲೇ ನಡೆಯಬೇಕು. ರಾಷ್ಟ್ರೀಯ ತಂಡದ ಪಂದ್ಯಗಳಂಥ ದೊಡ್ಡ ಪಂದ್ಯಗಳನ್ನು ವರ್ಷಕ್ಕೆ ಎರಡೋ ಮೂರೋ ದಿನ ಕಂಠೀರವದಲ್ಲಿ ಆಡಿಸಲು ಓಟಗಾರರು ಒಪ್ಪುವರೇ ಎಂದು ಟ್ರ್ಯಾಕ್ ಪಕ್ಕದವರನ್ನು ವಿನಂತಿಪೂರ್ವಕವಾಗಿ ಕೇಳುತ್ತೇನೆ.

ಟ್ರ್ಯಾಕ್ ಪಕ್ಕದವರು

ದಿನಾಂಕಗಳನ್ನು ವರ್ಷದ ಆರಂಭದಲ್ಲೇ ತಿಳಿಸಿ, ಪಂದ್ಯದ ಮರುದಿನ ಬೆಳಿಗ್ಗೆ ಐದೂವರೆಗೆ ಟ್ರ್ಯಾಕ್ ತೆರವಾಗಿರುತ್ತದೆ ಎಂದು ಬರೆದುಕೊಟ್ಟರೆ ನಾನು ಒಪ್ಪುತ್ತೇನೆ, ಜೊತೆಯ ತರಬೇತುದಾರರನ್ನೂ ಒಪ್ಪಿಸಲು ಪ್ರಯತ್ನಿಸುತ್ತೇನೆ. ಆ ಸಂಜೆ ಮಕ್ಕಳನ್ನೂ ಪಂದ್ಯಕ್ಕೆ ಕರೆತರುತ್ತೇನೆ.

ಕೆರೆಯಂಗಳ

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಎಂ.ಜಿ. ರಸ್ತೆ ನಿಲ್ದಾಣದಿಂದ ಅಶೋಕನಗರದ ಗೇಟಿನವರೆಗೆ ಅಳತೆ ಟೇಪಿನೊಂದಿಗೆ ನಡೆಯಲಿದ್ದೇನೆ. ಫುಟ್‌ಪಾತ್ ಎಲ್ಲಿ ಮೂರು ಅಡಿಗಿಂತ ಕಿರಿದಾಗಿದೆ, ಟ್ರಾನ್ಸ್‌ಫಾರ್ಮರ್ ಎಲ್ಲಿ ದಾರಿಗೆ ಅಡ್ಡ ನಿಂತಿದೆ, ಅಕ್ಕಪಕ್ಕದ ಯಾವ ರಸ್ತೆಗಳನ್ನು ಪಂದ್ಯದ ರಾತ್ರಿ ಒಂದು ಗಂಟೆ ವಾಹನಗಳಿಗೆ ಮುಚ್ಚಬಹುದು ಎಂಬುದನ್ನು ಗುರುತು ಹಾಕಿಕೊಳ್ಳಬೇಕಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಹಲಸೂರಿನವ

ನಾನು ಬರುತ್ತೇನೆ.