ವರ್ಚುವಲ್ ಮೆಷಿನ್ ಜೊತೆ ಹಂಚಿದ ಫೋಲ್ಡರ್: ಪರ್ಮಿಷನ್ ಹೇಗೆ ಇಟ್ಟಿದ್ದೀರಿ?

ಸರಸ್ವತಿಪುರಂನಿಂದ: ವಿಂಡೋಸ್ ಲ್ಯಾಪ್‌ಟಾಪ್, ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ ಉಬುಂಟು ಲಿನಕ್ಸ್. ಎರಡಕ್ಕೂ ಹಂಚಿದ ಫೋಲ್ಡರನ್ನು ಉಬುಂಟುವಿನಲ್ಲಿ ತೆರೆದರೆ ‘ಪರ್ಮಿಷನ್ ಡಿನೈಡ್’. ಅನುಭವ ಇದ್ದವರು ಹೇಳಿ.

ಮಂಡ್ಯದಿಂದ: ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ ಇದಕ್ಕೆ. ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಚ್‌ಮಾಡ್ 777, ಅಂದರೆ ಎಲ್ಲರಿಗೂ ಪೂರ್ತಿ ಪರ್ಮಿಷನ್ ಕೊಡುವ ಕಮಾಂಡ್, ಹೊಡೆದದ್ದೇ ಹೊಡೆದದ್ದು. ಏನೂ ಬದಲಾಗಲಿಲ್ಲ. ಫೋಲ್ಡರ್‌ಗೆ ಮಾಲೀಕ ಅದೇ ರೂಟ್ (ಅಡ್ಮಿನ್), ಗುಂಪು ಅದೇ ವಿಬಾಕ್ಸ್‌ಎಸ್‌ಎಫ್. ಕೊನೆಗೆ ನನ್ನ ಯೂಸರನ್ನು ಆ ಗುಂಪಿಗೆ ಸೇರಿಸಿದೆ. ಆಗಲೂ ಇಲ್ಲ! ಲಾಗ್‌ಔಟ್ ಆಗಿ ಮತ್ತೆ ಬರಬೇಕು ಅಂತ ಯಾರೂ ಹೇಳಿರಲಿಲ್ಲ. ಅವತ್ತು ಮೈಸೂರಲ್ಲಿ ನಾದಿನಿಯ ನಿಶ್ಚಿತಾರ್ಥ. ನಾನು ಹೋಗುವಷ್ಟರಲ್ಲಿ ಎಲೆ ಎತ್ತಿಯಾಗಿತ್ತು. ಮನೆಯವಳು ಇವತ್ತಿಗೂ ಎತ್ತಿ ಆಡುತ್ತಾಳೆ.

ಹೂಟಗಳ್ಳಿಯಿಂದ: ಗುಂಪಿಗೆ ಸೇರಿಸಿದರೆ ಮುಗಿಯಲ್ಲ ಸರ್. ಎಲ್ಲ ಫೈಲ್‌ಗೂ 770 (ಮಾಲೀಕನಿಗೂ ಗುಂಪಿಗೂ ಓದುವ, ಬರೆಯುವ, ಓಡಿಸುವ ಪರ್ಮಿಷನ್) ಬಂದು ಕೂರುತ್ತದೆ. ಅದಕ್ಕೇ ಗಿಟ್‌ನಲ್ಲಿ (ಕೋಡ್ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್) 412 ಫೈಲ್ ಬದಲಾಗಿದೆ ಅಂತ ತೋರಿಸಿತು. ನೋಡದೆ ಕಮಿಟ್ ಮಾಡಿದೆ, ಅಂದರೆ ಆ ಬದಲಾವಣೆಯನ್ನು ದಾಖಲಿಸಿದೆ. ಬೇರೆಯವರ ಬ್ರಾಂಚ್ (ಅವರವರ ಕೋಡ್ ಕವಲು) ಎಲ್ಲ ಕೆಟ್ಟು, ಎರಡು ಶನಿವಾರ ಆಫೀಸಿಗೆ ಹೋಗಿ ಸರಿ ಮಾಡಿದೆ. ಆಮೇಲೆ ಆಟೋ ಮೌಂಟ್ (ಫೋಲ್ಡರ್ ತಾನಾಗಿ ಜೋಡಣೆ ಆಗುವುದು) ತೆಗೆದು, ಬೂಟ್ ಆಗುವಾಗ ಏನೇನು ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಯುಐಡಿ (ಯೂಸರ್ ನಂಬರ್) 1000, ಜಿಐಡಿ (ಗುಂಪಿನ ನಂಬರ್) 1000, ಡಿಮೋಡ್ (ಫೋಲ್ಡರ್ ಪರ್ಮಿಷನ್) 755, ಎಫ್‌ಮೋಡ್ (ಫೈಲ್ ಪರ್ಮಿಷನ್) 644 ಬರೆದೆ. ಈ ಪರ್ಮಿಷನ್ ಮೌಂಟ್ ಮಾಡುವಾಗಲೇ ಕೊಡಬೇಕು, ಆಮೇಲೆ ಅಲ್ಲ. ಎರಡು ವರ್ಷದಿಂದ ತಂಟೆ ಇಲ್ಲ.

ಮಂಡ್ಯದಿಂದ: ಗಿಟ್‌ಗೆ ಕೋರ್ ಫೈಲ್‌ಮೋಡ್ ಫಾಲ್ಸ್ (ಪರ್ಮಿಷನ್ ಬದಲಾದರೆ ಲೆಕ್ಕಿಸಬೇಡ) ಅಂದರೆ ಆಯ್ತು. ಅಷ್ಟಕ್ಕೆ ಎಫ್‌ಎಸ್‌ಟ್ಯಾಬ್ ಯಾಕೆ ಮುಟ್ಟಬೇಕು? ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆಗಿ, ಫೋಲ್ಡರ್ ಹಂಚಲು ಉಬುಂಟು ಒಳಗೆ ಹಾಕುವ ಗೆಸ್ಟ್ ಅಡಿಷನ್ಸ್ ಕೈಕೊಟ್ಟರೆ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತೆ.

ಹೂಟಗಳ್ಳಿಯಿಂದ: ನೋಫೇಲ್ (ಜೋಡಣೆ ಆಗದಿದ್ದರೂ ಬೂಟ್ ಮುಂದುವರಿಸು) ಹಾಕಿದ್ದೇನೆ, ಬೀಳಲ್ಲ. ನೀವು ಹೇಳುವುದು ಕಣ್ಣು ಮುಚ್ಚಿಕೊಳ್ಳುವ ಕೆಲಸ. ನಾಳೆ ನಿಜವಾಗಿ ಎಕ್ಸಿಕ್ಯೂಟ್ ಬಿಟ್ (ಓಡಿಸುವ ಪರ್ಮಿಷನ್) ಬೇಕಾದ ಸ್ಕ್ರಿಪ್ಟ್ ಬಂದರೆ ಗಿಟ್ ಅದನ್ನೂ ಗಮನಿಸಲ್ಲ.

ಕುವೆಂಪುನಗರದಿಂದ: ನಾನು ವರ್ಚುವಲ್‌ಬಾಕ್ಸನ್ನೇ ಬಿಟ್ಟೆ. ಹಂಚಿದ ಫೋಲ್ಡರಲ್ಲಿ ಎನ್‌ಪಿಎಂ ಇನ್‌ಸ್ಟಾಲ್ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಇಳಿಸುವುದು) ಮಾಡಿದರೆ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಹತ್ತಿರ ನಿಲ್ಲುತ್ತಿತ್ತು. ಸಿಮ್‌ಲಿಂಕ್ ಅಲ್ಲಿ ಮೊದಲೇ ಬಂದ್ ಆಗಿರುತ್ತೆ. 5,600 ರೂಪಾಯಿ ಕೊಟ್ಟು ಎಸ್‌ಎಸ್‌ಡಿ ತಂದೆ, ಲಿನಕ್ಸ್ ಹಾಕಿದೆ, ಕೆವಿಎಂ (ಲಿನಕ್ಸ್‌ನದೇ ವರ್ಚುವಲ್ ಮೆಷಿನ್ ವ್ಯವಸ್ಥೆ) ಮೇಲೆ ವರ್ಟಿಯೋಎಫ್‌ಎಸ್, ಅದರ ಫೋಲ್ಡರ್ ಹಂಚುವ ದಾರಿ. ಹೊರಗೂ ಒಳಗೂ ಯುಐಡಿ ಒಂದೇ ಇದ್ದರೆ ಚ್‌ಮಾಡ್ ನಿಜವಾಗಿ ಕೆಲಸ ಮಾಡುತ್ತೆ. ಆ ದುಡ್ಡಿಗೆ ನನಗೆ ಬೇಜಾರಿಲ್ಲ.

ಮಂಡ್ಯದಿಂದ: ಕೇಳಿದವರದು ವಿಂಡೋಸ್ ಮೇಡಂ. ಎಲ್ಲರೂ ಡಿಸ್ಕ್ ಕೊಂಡು ಲಿನಕ್ಸ್ ಹಾಕಲು ಆಗುತ್ತಾ? ನಮ್ಮ ಕಾಲೇಜು ಹುಡುಗರು 4 ಜಿಬಿ ರ್‍ಯಾಮ್‌ನಲ್ಲಿ ಒದ್ದಾಡುತ್ತಿದ್ದಾರೆ.

ಕುವೆಂಪುನಗರದಿಂದ: ನನ್ನ ಅನುಭವ ನಾನು ಹೇಳಿದೆ. 4 ಜಿಬಿಯಲ್ಲಿ ವರ್ಚುವಲ್ ಮೆಷಿನ್ ಓಡಿಸಿ ಅಂತ ಹುಡುಗರಿಗೆ ಹೇಳಿದ್ದು ಯಾರು ಸರ್?

ಮಂಡ್ಯದಿಂದ: ಸಿಲಬಸ್‌ನಲ್ಲಿದೆ. ನಾನು ಬರೆದದ್ದಲ್ಲ.

ಸರಸ್ವತಿಪುರಂನಿಂದ: ಲಾಗ್‌ಔಟ್ ಆಗಿ ಬಂದೆ, ಫೋಲ್ಡರ್ ತೆರೆಯಿತು. ಈಗ ಗಿಟ್‌ನಲ್ಲಿ 38 ಫೈಲ್ ಬದಲಾಗಿದೆ ಅಂತ ಕೆಂಪಗೆ ಕಾಣುತ್ತಿದೆ.

ಹೂಟಗಳ್ಳಿಯಿಂದ: ಕಮಿಟ್ ಮಾಡಬೇಡಿ. ಮೊದಲು ಆಟೋ ಮೌಂಟ್ ತೆಗೆಯಿರಿ.